ಬೀಗಿತ್ತಿಯ ಕೆಮ್ಮು

ಆ ಮನೆಗೆ ಮುಂಬಾಗಿಲು ಇತ್ತು, ಆದರೆ ಕೆಲಸದಿಂದ ಬಂದ ಅಪ್ಪನಿಗೆ ಅದರೊಳಗೆ ಪ್ರವೇಶ ಇರಲಿಲ್ಲ. ಅವನು ಪಕ್ಕದ ಓಣಿ ಸುತ್ತಿ ಹಿತ್ತಿಲಿಗೆ ಬರಬೇಕು, ಬಟ್ಟೆ ಕಳಚಿ ಬಕೆಟ್ಟಿಗೆ ಹಾಕಬೇಕು, ನಲ್ಲಿಯ ಕೆಳಗೆ ಕೂತು ಎರಡು ಸಲ ಸೋಪು ಹಚ್ಚಿಕೊಳ್ಳಬೇಕು, ಆಮೇಲೆ ಒಳಗೆ. ಮದುವೆಯಾದ ಮೊದಲ ವಾರ ಅಮ್ಮ ಹಾಕಿದ ಕಾನೂನು ಇದು. ಮೂವತ್ತು ವರ್ಷವಾದರೂ ಒಂದು ತಿದ್ದುಪಡಿಯೂ ಆಗಿರಲಿಲ್ಲ.

"ಎಷ್ಟು ತೊಳೆದ್ರೂ ಅಷ್ಟೇ. ಇವನು ಅರ್ಧ ಕುದುರೆ," ಎಂದು ಅಜ್ಜಿ ತನ್ನ ಮಗನನ್ನು ಮೂಸಿ ಹೇಳುತ್ತಿದ್ದಳು. ಅಜ್ಜಿಗೆ ಕಿವಿ ಮಂದ, ಮೂಗು ಮಾತ್ರ ಚುರುಕು.

ಅಪ್ಪ ಕೆಲಸ ಮಾಡುತ್ತಿದ್ದದ್ದು ಹಾವಿನ ವಿಷಕ್ಕೆ ಮದ್ದು ತಯಾರಿಸುವ ಸಂಸ್ಥೆಯ ಲಾಯದಲ್ಲಿ. ಅಲ್ಲಿ ಐವತ್ತರ ಹತ್ತಿರ ಕುದುರೆಗಳಿದ್ದವು. ಅವಕ್ಕೆ ತೀರಾ ಸಣ್ಣ ಪ್ರಮಾಣದಲ್ಲಿ ವಿಷ ಚುಚ್ಚುತ್ತಾರೆ, ಕುದುರೆಯ ಮೈ ಆ ವಿಷವನ್ನು ಎದುರಿಸಲು ಕಲಿಯುತ್ತದೆ, ತಿಂಗಳಿಗೊಮ್ಮೆ ಅದರ ಕತ್ತಿನಿಂದ ರಕ್ತ ತೆಗೆದು ಮದ್ದು ಮಾಡುತ್ತಾರೆ. ಅಮ್ಮ ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನಲ್ಲಿ ಆಯಾ. ಹಾವು ಕಚ್ಚಿ ನೀಲಿಗಟ್ಟಿ ಬಂದವರು ನಾಲ್ಕೈದು ದಿನಕ್ಕೆ ಚಪ್ಪಲಿ ಹಾಕಿಕೊಂಡು ನಡೆದು ಹೋಗುವುದನ್ನು ಕಣ್ಣಾರೆ ಕಂಡವಳು.

"ನಿಮ್ಮಪ್ಪ ಅಲ್ಲಿ ಬಾಟ್ಲಿ ತುಂಬಿಸ್ತಾರೆ, ನಾನಿಲ್ಲಿ ಬಾಟ್ಲಿ ನೇತು ಹಾಕ್ತೀನಿ. ಒಂದೇ ವ್ಯಾಪಾರ," ಎನ್ನುತ್ತಿದ್ದಳು.

ಈ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಮಗಳು ಮನುಷ್ಯ ಮತ್ತು ಪ್ರಾಣಿಗಳ ಸಂಬಂಧದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಇಪ್ಪತ್ತೊಂಬತ್ತು ವಯಸ್ಸು, ದಪ್ಪ ಕನ್ನಡಕ. ಪ್ರಾಣಿಗಳ ಪರವಾಗಿ ದನಿಯೆತ್ತುವ ಸಂಘವೊಂದರಲ್ಲೂ ಇದ್ದಳು. ನಾಲ್ಕು ವರ್ಷದಿಂದ ಓದುತ್ತಲೇ ಇದ್ದಾಳೆ ಎನ್ನುವುದು ಅಜ್ಜಿಯ ದೂರು.

"ನಾಯಿ ಬೆಕ್ಕಿನ ಜೊತೆ ಹೇಗಿರಬೇಕು ಅಂತ ತಿಳ್ಕೊಳ್ಳೋಕೆ ಇಷ್ಟು ವರ್ಷ ಬೇಕಾ?"

"ನಾಯಿ ಬೆಕ್ಕಲ್ಲ ಅಜ್ಜಿ. ದುಡಿಯೋ ಪ್ರಾಣಿಗಳು."

"ದುಡಿಯೋ ಪ್ರಾಣಿ ಬೇಕಾದ್ರೆ ನಿಮ್ಮಮ್ಮನ ಮೇಲೆ ಬರಿ. ಬೇಗ ಮುಗಿಯತ್ತೆ."

ಅಮ್ಮ ಅಡುಗೆಮನೆಯಿಂದ, "ನೋಡಿ, ಇವತ್ತಾದ್ರೂ ನಿಮ್ಮ ಬಾಯಲ್ಲಿ ಸತ್ಯ ಬಂತಲ್ಲ ಅತ್ತೆ," ಎಂದಳು. ಅಜ್ಜಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗೆ ಕೂತಳು.

ಹಾಲಿನ ಡೈರಿ, ಗಾಡಿ ಎತ್ತು, ಸರ್ಕಸ್ಸಿನಿಂದ ಬಿಡಿಸಿ ತಂದ ಪ್ರಾಣಿಗಳು ಎಂದು ಮಗಳು ಊರೆಲ್ಲ ಸುತ್ತಿದಳು. ಕೊನೆಗೆ ಅವಳ ಗೈಡ್ ಆಗಿದ್ದ ಪ್ರೊಫೆಸರ್, "ನಿಮ್ಮ ತಂದೇನೇ ಲಾಯದಲ್ಲಿದ್ದಾರಲ್ಲ, ಅವರ ಹತ್ತಿರ ಕೂತು ಮಾತಾಡಿದೀರಾ?" ಎಂದು ಕೇಳಿದರು. ಮಾತಾಡಿರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಫೋನು ಇಟ್ಟುಕೊಂಡು ಕೂತಳು.

"ನಿನ್ನ ಹೆಸರು ಎಲ್ಲೂ ಬರಲ್ಲಪ್ಪ. ಧೈರ್ಯವಾಗಿ ಹೇಳು."

ಅಪ್ಪನಿಗೆ ಧೈರ್ಯ ಬೇಕಾಗಿರಲಿಲ್ಲ, ಕೇಳುವವರು ಬೇಕಾಗಿತ್ತು. ಮೂವತ್ತೊಂದು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಚಹಾ ತಣ್ಣಗಾಗುವವರೆಗೂ ಹೇಳಿದ. ಕುದುರೆಗಳಿಗೆ ಸಂಸ್ಥೆ ನಂಬರು ಕೊಡುತ್ತದೆ, ಅವನು ಅಡ್ಡಹೆಸರು ಕೊಡುತ್ತಾನೆ. ಗುಮಾಸ್ತೆ, ಹೆಡ್‌ಮಾಸ್ಟರ್, ಸಾಲಗಾರ. ನಲವತ್ತೇಳನೇ ನಂಬರಿನ ಕಂದು ಹೆಣ್ಣು ಕುದುರೆಗೆ ಬೀಗಿತ್ತಿ ಎಂದು ಹೆಸರು. ಏನು ತಂದು ಹಾಕಿದರೂ ಮೂಸಿ ನೋಡಿ ಗೋಡೆ ಕಡೆ ಮುಖ ತಿರುಗಿಸುತ್ತಾಳೆ. ಮೂರು ಸಲ ಬೇಡಿಕೊಂಡ ಮೇಲೆ, ನಿನ್ನ ಮುಖ ನೋಡಿ ತಿನ್ನುತ್ತಿದ್ದೇನೆ ಎನ್ನುವ ಹಾಗೆ ಬಾಯಿ ಹಾಕುತ್ತಾಳೆ.

"ನಮ್ಮ ಯೋಗ್ಯತೆಗೆ ಸಿಕ್ಕ ಬೀಗಿತ್ತಿ ಅದೊಂದೇ," ಎಂದು ಅಜ್ಜಿ ಒಳಗಿನಿಂದ ಮದುವೆಯಾಗದ ಮೊಮ್ಮಗಳ ಕಡೆ ಒಂದು ಬಾಣ ಬಿಟ್ಟಳು. ಆಗ ಮಾತ್ರ ಕಿವಿ ಸರಿಯಾಗಿ ಕೇಳಿಸಿತ್ತು.

ಮೂರನೇ ಭಾನುವಾರ ಅಪ್ಪ ಕೆಮ್ಮಿನ ವಿಷಯ ಹೇಳಿದ.

"ರಕ್ತ ತೆಗೆದ್ಮೇಲೆ ಕೆಲವಕ್ಕೆ ಬೇಗ ಚೇತರಿಕೆ ಬರಲ್ಲ. ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಅಂತ ಬರತ್ತೆ. ಆದ್ರೆ ದಿನಾ ಮೈ ಉಜ್ಜೋನಿಗೆ ಗೊತ್ತಾಗತ್ತೆ. ಇದರ ಕೈಲಿ ಈ ತಿಂಗಳು ಆಗಲ್ಲ ಅಂತ."

"ಆಗ ಏನ್ ಮಾಡ್ತೀಯಾ?"

ಅಪ್ಪ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ಕೆಮ್ಮು ಅಂತ ಬರೀತೀನಿ."

ಕೆಮ್ಮಿದ ಕುದುರೆಯ ರಕ್ತವನ್ನು ಒಂದು ತಿಂಗಳು ಮುಟ್ಟಬಾರದು ಎಂದು ನಿಯಮ. ಜ್ವರ ಎಂದು ಬರೆದರೆ ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಹೊಟ್ಟೆ ಕೆಟ್ಟಿದೆ ಎಂದರೆ ಲದ್ದಿ ಪರೀಕ್ಷೆಗೆ ಹೋಗುತ್ತದೆ. "ಕೆಮ್ಮು ಹಾಗಲ್ಲ. ಬೆಳಗಿನ ಜಾವ ಕೆಮ್ತಿತ್ತು ಅಂದ್ರೆ ಯಾರು ಇಲ್ಲ ಅಂತಾರೆ? ಲಾಯದ ಡಾಕ್ಟರಮ್ಮ ಕೆಳಗೆ ಸಹಿ ಹಾಕಿ ಹೋಗ್ತಾರೆ. ಬೀಗಿತ್ತಿಗೆ ಎರಡು ವರ್ಷದಲ್ಲಿ ಹನ್ನೊಂದು ಸಲ ಕೆಮ್ಮು ಬಂದಿದೆ ನೋಡು." ಹೇಳಿ, ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕ.

ಮಗಳ ಕನ್ನಡಕ ಮಂಜಾಯಿತು. ಅವಳು ಓದಿದ ಯಾವ ಪುಸ್ತಕದಲ್ಲೂ ಇಂಥದ್ದು ಇರಲಿಲ್ಲ. ಆ ವಾರವೇ ಕೂತು ಬರೆದಳು. ಒಂದು ಲಾಯದ ಹಿರಿಯ ಪಾಲಕರೊಬ್ಬರು ದಣಿದ ಕುದುರೆಗೆ ಇಲ್ಲದ ಕೆಮ್ಮನ್ನು ದಾಖಲಿಸಿ ವಿಶ್ರಾಂತಿ ಕೊಡಿಸುವ ಪ್ರಸಂಗ. ಕುದುರೆಯ ಅಡ್ಡಹೆಸರು, ಹನ್ನೊಂದು ಸಲ, ಎಲ್ಲ ಇತ್ತು. ಅಪ್ಪನ ಹೆಸರು ಎಲ್ಲೂ ಇರಲಿಲ್ಲ. ಅದು ಅವಳ ಪ್ರಬಂಧದ ಅತ್ಯುತ್ತಮ ಪುಟ ಎಂದು ಗೈಡ್ ಹೇಳಿದರು. ಸಂಘದವರು ತಮ್ಮ ವರದಿಯಲ್ಲಿ ಅದನ್ನೇ ಮೊದಲು ಹಾಕಿ ಅಚ್ಚು ಮಾಡಿಸಿದರು.

ವರದಿಗೆ ಫಲವೂ ಸಿಕ್ಕಿತು, ಅದನ್ನು ಇಲ್ಲವೆನ್ನಬಾರದು. ಪತ್ರಿಕೆಗಳಲ್ಲಿ ಬಂತು, ಸಂಸ್ಥೆಯ ಆಡಳಿತ ಮಂಡಳಿ ಸಭೆ ಸೇರಿತು. ವಯಸ್ಸಾದ ಎಂಟು ಕುದುರೆಗಳನ್ನು ಕೆಲಸದಿಂದ ಬಿಡಿಸಿ, ಊರಾಚೆ ಸಂಘದವರು ನಡೆಸುವ ಹುಲ್ಲುಗಾವಲಿಗೆ ಕಳಿಸಲು ಒಪ್ಪಿತು. ಪಟ್ಟಿ ತಯಾರಿಸಿದವಳು ಮಗಳೇ. ಎಂಟನೆಯದು ನಲವತ್ತೇಳನೇ ನಂಬರು.

ಆ ಭಾನುವಾರ ಮಧ್ಯಾಹ್ನ ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡ. "ಹುಲ್ಲುಗಾವಲು ಅಂದ್ರೆ ನಿಜವಾದ ಹುಲ್ಲಾ? ಕತ್ತರಿಸಿ ತಂದು ಹಾಕೋದಲ್ವಾ?"

"ನಿಂತ ಹುಲ್ಲಪ್ಪ. ಅವೇ ಓಡಾಡ್ಕೊಂಡು ಮೇಯ್ತವೆ."

"ಹಾಗಾದ್ರೆ ಬೀಗಿತ್ತಿ ಯಾವ ಗೋಡೆ ಕಡೆ ಮುಖ ತಿರುಗಿಸ್ತಾಳೆ?" ಎಂದು ಅಮ್ಮ ಕೇಳಿದಳು. ಎಲ್ಲರೂ ನಕ್ಕರು. ಆ ಮನೆಯವರು ಒಟ್ಟಿಗೆ ಕೂತು ನಕ್ಕಿದ್ದು ಅದೇ ಕೊನೆ ಎಂದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ.

ಮಂಗಳವಾರ ಅಪ್ಪ ಹನ್ನೊಂದು ಗಂಟೆಗೇ ವಾಪಸು ಬಂದ. ಮುಂಬಾಗಿಲಿನಿಂದಲೇ ಒಳಗೆ ಬಂದ. ಅಮ್ಮನದು ಅವತ್ತು ಮಧ್ಯಾಹ್ನದ ಪಾಳಿ, ಮನೆಯಲ್ಲೇ ಇದ್ದಳು. ಬೈಯಲು ಬಾಯಿ ತೆರೆದವಳು ಅವನ ಕೈಯಲ್ಲಿದ್ದ ಕಾಗದ ನೋಡಿ ಮಗಳನ್ನು ಕೂಗಿದಳು.

ಅಮಾನತು. ಲಾಯದಲ್ಲಿ ಇದ್ದವರು ಇಬ್ಬರೇ ಪಾಲಕರು. ಇನ್ನೊಬ್ಬನಿಗೆ ಓದು ಬರಹ ಬಾರದು, ಸಂಬಳಕ್ಕೂ ಹೆಬ್ಬೆಟ್ಟೇ ಒತ್ತುತ್ತಿದ್ದ. ರಿಜಿಸ್ಟರಿನಲ್ಲಿದ್ದದ್ದು ಒಂದೇ ಕೈಬರಹ. ಹೆಸರು ಮುಚ್ಚಿಟ್ಟರೆ ಮನುಷ್ಯನನ್ನು ಮುಚ್ಚಿಟ್ಟ ಹಾಗೆ ಎಂದು ಮಗಳು ತಿಳಿದಿದ್ದಳು. ನಾಲ್ಕು ವರ್ಷ ಪ್ರಶ್ನೆ ಕೇಳುವುದನ್ನೇ ಕಲಿತವಳು, ಅಲ್ಲಿ ಬರೆಯುವವರು ಎಷ್ಟು ಜನ ಎಂದು ಅಪ್ಪನನ್ನು ಕೇಳಿರಲಿಲ್ಲ.

ಕಾಗದದಲ್ಲಿದ್ದ ಪ್ರಶ್ನೆ ಒಂದೇ. ನಲವತ್ತೇಳನೇ ಕುದುರೆಗೆ ಹನ್ನೊಂದು ಸಲವೂ ಕೆಮ್ಮು ಇದ್ದದ್ದು ನಿಜವೇ ಅಥವಾ ವರದಿಯಲ್ಲಿ ಅಚ್ಚಾಗಿರುವುದು ನಿಜವೇ? ಹದಿನೈದು ದಿನದೊಳಗೆ ವಿಚಾರಣಾ ಸಮಿತಿಯ ಮುಂದೆ ಬಂದು ಹೇಳಬೇಕು. ಸುಳ್ಳು ದಾಖಲೆ ಎಂದಾದರೆ ನೌಕರಿ ಹೋಗುತ್ತದೆ, ಪಿಂಚಣಿಯೂ ಇಲ್ಲ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು.

"ಕೆಮ್ಮಿತ್ತು ಅಂತ ಹೇಳಿ, ಮುಗೀತು," ಎಂದಳು ಅಮ್ಮ. "ಇದರಲ್ಲಿ ಯೋಚನೆ ಮಾಡೋದೇನಿದೆ?"

"ಹೇಳಲ್ಲ."

"ಹೇಳಲ್ಲ ಅಂದ್ರೆ?"

"ಸುಳ್ಳು ಬರೆದವನು ನಾನು. ಅದನ್ನ ಕುದುರೆ ತಲೆ ಮೇಲೆ ಹಾಕಲ್ಲ."

"ಅಯ್ಯೋ, ಇಷ್ಟು ವರ್ಷ ಹಾಕಿದ್ದು ಯಾರ ತಲೆ ಮೇಲೆ? ಹನ್ನೊಂದು ಸಲ ಬರೆದ ಕೈಗೆ ಹನ್ನೆರಡನೇ ಸಲ ಏನು ನೋವು?"

"ಅದು ಬೇರೆ ಕಣೇ. ಆಗ ಬರೆದದ್ದು ಅದಕ್ಕೋಸ್ಕರ. ಈಗ ಹೇಳೋದು ನನಗೋಸ್ಕರ ಆಗತ್ತೆ."

ಅಮ್ಮ ಮಗಳ ಕಡೆ ತಿರುಗಿದಳು. ಚೀಲ ಹೆಗಲಿಗೆ ಹಾಕಿಕೊಂಡು ಪಾಳಿಗೆ ಹೊರಟುಹೋದಳು.

ಮೊದಲ ವಾರ ಅಪ್ಪ ಮನೆಯಲ್ಲಿ ಕೂತ. ಕೂತ ಎನ್ನುವುದು ಮಾತಿಗಷ್ಟೇ. ಅವನಿಗೆ ಕೂರಲು ಬರುತ್ತಿರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಿತ್ತಿಲು ಗುಡಿಸುತ್ತಿದ್ದ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದ. ಅಜ್ಜಿಯ ತಲೆ ಬಾಚಲು ಹೋದ. ಕುದುರೆಯ ಜೂಲು ಬಾಚುವ ಹಾಗೆ ಒಂದು ಕೈ ಕತ್ತಿನ ಮೇಲಿಟ್ಟು ಎಳೆದ. ಅಜ್ಜಿ, "ನನ್ನ ಎಲ್ಲಿಗೆ ಹೂಡ್ತೀಯೋ?" ಎಂದು ಕೂಗಿದಳು. ಯಾರಿಗೂ ನಗು ಬರಲಿಲ್ಲ. ಸಂಜೆ ಐದಕ್ಕೆ, ಎಲ್ಲಿಗೂ ಹೋಗದಿದ್ದರೂ, ಹಿತ್ತಿಲಿಗೆ ಹೋಗಿ ನಲ್ಲಿ ಕೆಳಗೆ ಕೂತು ಎರಡು ಸಲ ಸೋಪು ಹಚ್ಚಿಕೊಂಡ. ಮಗಳು ಕಿಟಕಿಯಿಂದ ಅದನ್ನು ನೋಡಿದಳು. ಅಂದಿನಿಂದ ಆ ಹೊತ್ತಿಗೆ ಕಿಟಕಿಯ ಹತ್ತಿರ ಹೋಗುವುದನ್ನೇ ಬಿಟ್ಟಳು.

ಲಾಯದ ಇನ್ನೊಬ್ಬ ಪಾಲಕ ಒಮ್ಮೆ ಬಂದು ಬಾಗಿಲಲ್ಲೇ ನಿಂತು ಹೇಳಿ ಹೋದ. "ನಿಮ್ಮ ಬೀಗಿತ್ತಿ ಸರಿಯಾಗಿ ತಿಂತಿಲ್ಲ ಅಣ್ಣ. ನನಗೆ ಬೇಡಿಕೊಳ್ಳೋಕೆ ಟೈಮೆಲ್ಲಿದೆ?"

"ಮೂರನೇ ಸಲಕ್ಕೆ ತಿಂತಾಳೆ. ಮೂರು ಸಲ ಕರಿ."

"ಕರೀತೀನಿ ಬಿಡಿ," ಎಂದ ಅವನು. ಕರೆಯುವುದಿಲ್ಲ ಎಂದು ಅಪ್ಪನಿಗೆ ಗೊತ್ತಾಯಿತು.

ಎರಡನೇ ವಾರದ ಗುರುವಾರ ಅಮ್ಮ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಅಕ್ಕಿ ಆರಿಸಲು ಕೂತಳು. ಅಪ್ಪ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮಗಳು ಎದುರು ಬಂದು ಕೂತಳು.

"ನಿನ್ನ ಪುಸ್ತಕದಲ್ಲಿ ಒಂದು ಸಾಲು ಇದೆಯಂತೆ," ಎಂದಳು ಅಮ್ಮ ತಲೆಯೆತ್ತದೆ. "ನಮ್ಮ ನರ್ಸಮ್ಮ ಓದಿ ಹೇಳಿದ್ರು. ಒಂದು ಜೀವಕ್ಕೆ ಇನ್ನೊಂದು ಜೀವ ಕಮ್ಮಿ ಅಲ್ಲ ಅಂತ."

"ಹೌದು."

"ನಾನು ಓದಿಲ್ಲಮ್ಮ, ನಂಗೆ ಗೊತ್ತಿಲ್ಲ. ವಾರ್ಡಲ್ಲಿ ಒಂದೇ ಬಾಟ್ಲಿ ಇದ್ದು ಇಬ್ಬರು ಬಂದ ದಿನಾನೂ ನೋಡಿದೀನಿ. ಅವತ್ತು ಯಾರೂ ಪುಸ್ತಕ ತೆಗೆಯಲ್ಲ." ಒಂದು ಕಲ್ಲು ಆರಿಸಿ ಎಸೆದಳು. "ನಿಮ್ಮಪ್ಪ ಸೋಮವಾರ ಹೋಗಿ ನಿಜ ಹೇಳ್ಬಿಡ್ತಾರೆ. ಐವತ್ತೆಂಟು ವರ್ಷಕ್ಕೆ ಕಳ್ಳ ಅನ್ನಿಸ್ಕೊಂಡು ಆಚೆ ಬರ್ತಾರೆ. ನಿನ್ನೆ ಊಟಕ್ಕೆ ಕರೆದ್ರೆ ಆ ಮನುಷ್ಯ ಏನಂದ್ರು ಗೊತ್ತಾ? ಕೆಲಸ ಮಾಡಿಲ್ಲ, ಹಸಿವಿಲ್ಲ ಅಂದ್ರು."

"ನಾನೇನು ಮಾಡ್ಲಮ್ಮ?"

"ಬರೆದವಳು ನೀನು. ಅಳಿಸು."

"ಅಚ್ಚಾಗಿದ್ದನ್ನ ಹೇಗೆ ಅಳಿಸಲಿ?"

"ಅದು ನಾನು ಕಟ್ಟಿದ ಕತೆ, ನಮ್ಮಪ್ಪ ಹಾಗೆ ಹೇಳೇ ಇಲ್ಲ ಅಂತ ಬರೆದುಕೊಡು. ಆಗ ರಿಜಿಸ್ಟರಲ್ಲಿ ಇರೋದೇ ನಿಜ ಆಗತ್ತೆ. ಅವರಾಗಿ ಬಾಯಿ ಬಿಡೋ ಹೊತ್ತಿಗೆ ವಿಚಾರಣೆ ಮುಗಿದಿರತ್ತೆ."

"ನನ್ನ ನಾಲ್ಕು ವರ್ಷ ಹೋಗತ್ತಮ್ಮ. ಸುಳ್ಳು ಬರೆದವಳು ಅಂತ ನನ್ನ ತಗೊಳ್ಳೋದೇ ಇಲ್ಲ ಆಮೇಲೆ."

ಆಗ ಅಮ್ಮ ತಲೆಯೆತ್ತಿದಳು. ಕಣ್ಣು ಕೆಂಪಾಗಿತ್ತು. "ಅವರದ್ದು ಮೂವತ್ತೊಂದು ಹೋಗತ್ತೆ," ಎಂದಳು.

ಮಗಳು ಶುಕ್ರವಾರ ಪತ್ರ ಬರೆದಳು. ಆ ಪ್ರಸಂಗ ತನ್ನ ಕಲ್ಪನೆ, ಯಾವ ಪಾಲಕರೂ ತನಗೆ ಹಾಗೆ ಹೇಳಿಲ್ಲ, ತಪ್ಪಿಗೆ ಕ್ಷಮೆ ಇರಲಿ. ಒಂದು ಪ್ರತಿ ಸಂಸ್ಥೆಗೆ, ಒಂದು ಸಂಘಕ್ಕೆ, ಒಂದು ವಿಶ್ವವಿದ್ಯಾಲಯಕ್ಕೆ. ಎಂಟು ಕುದುರೆಗಳ ಬಿಡುಗಡೆ ಹೇಗೂ ತೀರ್ಮಾನವಾಗಿದೆ, ಬೀಗಿತ್ತಿ ಹುಲ್ಲುಗಾವಲು ಸೇರುತ್ತಾಳೆ, ಅಪ್ಪ ಲಾಯ ಸೇರುತ್ತಾನೆ, ಹೋಗುವುದು ತನ್ನದೊಂದೇ ಎಂದು ಲೆಕ್ಕ ಹಾಕಿಕೊಂಡಿದ್ದಳು. ತನ್ನದು ಮಾತ್ರ ಹೋಗುತ್ತದೆ ಎನ್ನುವುದರಲ್ಲಿ ಅವಳಿಗೆ ಒಂದು ಸಮಾಧಾನವೂ ಇತ್ತು. ಈ ಸಲವೂ ಅವಳು ಅಪ್ಪನನ್ನು ಕೇಳಲಿಲ್ಲ.

ಗೈಡ್ ಫೋನು ಮಾಡಿ ಹೆಚ್ಚು ಮಾತಾಡಲಿಲ್ಲ. "ಕಟ್ಟುಕತೆ ಬರೆಯೋರಿಗೆ ಬೇರೆ ವಿಭಾಗ ಇದೆ," ಎಂದು ಇಟ್ಟುಬಿಟ್ಟರು.

ಸೋಮವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಚಾರಣೆಗೆ ಹೋದ. ಅವನನ್ನು ಒಳಗೆ ಕರೆಯಲೇ ಇಲ್ಲ. ಹೊರಗಿನ ಬೆಂಚಿನ ಮೇಲೆ ಕೂರಿಸಿ, ನಿಮ್ಮ ಮೇಲಿನ ಆರೋಪ ಬಿದ್ದುಹೋಗಿದೆ, ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದು ಕಾಗದ ಕೊಟ್ಟು ಕಳಿಸಿದರು. ಅದರ ಜೊತೆ ಇನ್ನೊಂದು ಆದೇಶವೂ ಇತ್ತು. ಮನೆಗೆ ಬಂದವನು ಎರಡನ್ನೂ ಮೇಜಿನ ಮೇಲೆ ಹಾಕಿದ.

"ಯಾರನ್ನ ಕೇಳಿ ಬರೆದೆ?"

ಮಗಳು ಅವನಿಗೆ ಇಷ್ಟು ಸಿಟ್ಟು ಬರುತ್ತದೆ ಎಂದು ತಿಳಿದಿರಲಿಲ್ಲ. "ನಿನಗೋಸ್ಕರ ಅಪ್ಪ. ನಿನ್ನ ಕೆಲಸ..."

"ಎರಡನೇ ಕಾಗದ ಓದು."

ಓದಿದಳು. ನಲವತ್ತೇಳನೇ ಕುದುರೆಗೆ ಎರಡು ವರ್ಷದಲ್ಲಿ ಹನ್ನೊಂದು ಬಾರಿ ಕೆಮ್ಮು ಇದ್ದದ್ದು ಈಗ ಖಚಿತವಾಗಿರುವುದರಿಂದ, ಅದಕ್ಕೆ ಅಂಟುರೋಗವಿದೆ ಎಂದು ಭಾವಿಸತಕ್ಕದ್ದು. ಅಂಥ ಪ್ರಾಣಿಯನ್ನು ಬೇರೆ ಪ್ರಾಣಿಗಳಿರುವ ಜಾಗಕ್ಕೆ ಸಾಗಿಸುವಂತಿಲ್ಲ, ಲಾಯದಲ್ಲಿ ಉಳಿಸಿಕೊಳ್ಳುವಂತೆಯೂ ಇಲ್ಲ. ಮುಂದಿನ ಸೋಮವಾರ ನೋವಿಲ್ಲದ ವಿಧಾನದಿಂದ ಕೊಲ್ಲತಕ್ಕದ್ದು. ಉಳಿದ ಏಳನ್ನು ಅದರ ಮರುದಿನ ಹುಲ್ಲುಗಾವಲಿಗೆ ಕಳಿಸತಕ್ಕದ್ದು.

"ನಂಗೆ ಗೊತ್ತಿರ್ಲಿಲ್ಲ," ಎಂದಳು ಮಗಳು.

"ನಂಗೆ ಗೊತ್ತಿತ್ತು. ಅದಕ್ಕೇ ನಾನೇ ಹೇಳ್ತೀನಿ ಅಂದಿದ್ದು. ನೀವಿಬ್ರೂ ಕೇಳಿದ್ರೆ ತಾನೆ?"

"ನೀವು ಬಿಡಿಸಿ ಹೇಳಿದ್ರೆ ತಾನೆ?" ಎಂದು ಅಮ್ಮ ಕೂಗಿದಳು. "ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ಹೇಳಿದ್ರೆ ನೀನು, ಒಂದು ಕುದುರೆಗೋಸ್ಕರ ಮನೆ ಬೀದಿಗೆ ಹಾಕ್ತೀರಾ ಅಂತಿದ್ದೆ."

"ಅಂತಿದ್ದೆ. ಈಗಲೂ ಅಂತೀನಿ," ಎಂದಳು ಅಮ್ಮ. ಹೇಳಿದವಳೇ ಅಳತೊಡಗಿದಳು. ಅಜ್ಜಿ ಯಾರು ಸತ್ತರು ಎಂದು ಕೇಳಿದಳು. ಯಾರೂ ಇಲ್ಲ ಅವ್ವ ಎಂದು ಅಪ್ಪ ಅವಳ ಕಿವಿಯಲ್ಲಿ ಗಟ್ಟಿಯಾಗಿ ಹೇಳಬೇಕಾಯಿತು.

ಆ ವಾರವಿಡೀ ಮಗಳು ಓಡಾಡಿದಳು. ಸಂಘದವರ ಹತ್ತಿರ ಹೋದಳು. "ಏಳು ಜೀವ ಉಳಿದಿವೆ, ಈಗ ಗಲಾಟೆ ಮಾಡಿದ್ರೆ ಅವೂ ಹೋಗ್ತವೆ. ಅದೂ ಅಲ್ಲದೆ, ನೀವು ಹೇಳಿದ್ದನ್ನ ಇನ್ನು ಯಾರು ನಂಬ್ತಾರೆ?" ಎಂದರು ಕಾರ್ಯದರ್ಶಿ. ಅವರು ಒರಟಾಗಿ ಹೇಳಲಿಲ್ಲ, ನೀರು ಕೊಟ್ಟು ಹೇಳಿದರು. ಬೇರೆ ಪಶುವೈದ್ಯರನ್ನು ಕರೆಸಿ ಪರೀಕ್ಷೆ ಮಾಡಿಸಿ ಎಂದು ಸಂಸ್ಥೆಗೆ ಅರ್ಜಿ ಕೊಟ್ಟಳು. ಕಟ್ಟುಕತೆ ಬರೆದವಳ ಅರ್ಜಿಯನ್ನು ಯಾರೂ ಓದಲಿಲ್ಲ. ಅಪ್ಪ ಎಂದಿನಂತೆ ಕೆಲಸಕ್ಕೆ ಹೋಗಿ ಬರುತ್ತಿದ್ದ, ಓಣಿ ಸುತ್ತಿ ಹಿತ್ತಿಲಿಗೆ ಬರುತ್ತಿದ್ದ.

ಸೋಮವಾರ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಮಗಳು ಬಂದು ನಿಂತಳು.

"ನಾನೂ ಬರ್ಲಾ ಅಪ್ಪ?"

ಅವನು ಇನ್ನೊಂದು ಚಪ್ಪಲಿ ಮೆಟ್ಟಿದ. "ಬಾ," ಎಂದ.

ದಾರಿಯಲ್ಲಿ ಬೇಕರಿಯವನು ಬಾಗಿಲೆತ್ತುತ್ತಿದ್ದ, ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು. ಅಪ್ಪ ಮುಂದೆ ನೋಡುತ್ತಲೇ ಹೇಳಿದ. "ಇವತ್ತು ಡಾಕ್ಟರಮ್ಮನ ಹತ್ತಿರ ಹೇಳ್ಬಿಡ್ತೀನಿ. ವಾರವೆಲ್ಲ ನಿಮ್ಮಮ್ಮನ ಮುಖ ನೋಡಿ ಬಾಯಿ ಬರಲಿಲ್ಲ. ಅವಳಿಗೆ ಹೇಳಿಲ್ಲ."

"ಆಮೇಲೆ?"

"ಆಮೇಲೇನು? ಎಲ್ಲಾದ್ರೂ ವಾಚ್‌ಮನ್ ಕೆಲಸ ಸಿಗಲ್ವಾ? ಬಾಗಿಲು ಕಾಯೋಕೆ ನಂಗೆ ಬರಲ್ವಾ?" ನಗಲು ನೋಡಿದ. ಚಪ್ಪಲಿಯ ಹಿಂದೆ ಅವನ ಹಿಮ್ಮಡಿ ಒಡೆದು ಕಪ್ಪಾಗಿತ್ತು. ಮಗಳು ಅದನ್ನೇ ನೋಡುತ್ತಾ ಹಿಂದೆ ನಡೆದಳು. ಸಂಜೆ ನಲ್ಲಿ ಕೆಳಗೆ ಮೈ ತೊಳೆದುಕೊಳ್ಳುತ್ತಿದ್ದ ಕೆಲಸವಿಲ್ಲದ ಮನುಷ್ಯ ಅವಳ ಕಣ್ಣಿನಿಂದ ಹೋಗಲೇ ಇಲ್ಲ.

ಮನುಷ್ಯ ಮತ್ತು ಪ್ರಾಣಿಯ ಬಗ್ಗೆ ಮುನ್ನೂರು ಪುಟ ಬರೆದಿದ್ದ ಮಗಳು ಅಪ್ಪನ ಲಾಯಕ್ಕೆ ಬಂದದ್ದು ಅದೇ ಮೊದಲು. ಬೀಗಿತ್ತಿಯನ್ನು ಹಿಂದಿನ ಅಂಗಳದ ಒಂಟಿ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಅವಳು ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಅಪ್ಪ ಬಕೆಟ್ಟಿನಲ್ಲಿ ನೆನೆಸಿದ ಕಾಳು ತಂದ.

"ಬಾರಮ್ಮ. ಏನೋ ಇದೆ, ಇದ್ದದ್ದರಲ್ಲಿ ತಿನ್ನು."

ಕಿವಿ ಮಾತ್ರ ಅಲ್ಲಾಡಿತು. ಎರಡನೇ ಸಲ ಕರೆದ. ಮೂರನೇ ಸಲಕ್ಕೆ ಬೀಗಿತ್ತಿ ತಿರುಗಿ ಬಂದು ಬಕೆಟ್ಟಿಗೆ ಬಾಯಿ ಹಾಕಿದಳು. ಅಪ್ಪ ಮಗಳ ಕೈ ಹಿಡಿದು ಕುದುರೆಯ ಕತ್ತಿನ ಮೇಲಿಟ್ಟ. ಬಿಸಿಯಾಗಿತ್ತು, ಒಳಗೆ ಏನೋ ಓಡುತ್ತಿತ್ತು. ವರ್ಷಗಟ್ಟಲೆ ಸೂಜಿ ಹೋದ ಜಾಗ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು.

ಡಾಕ್ಟರಮ್ಮ ಬಂದರು. ಹತ್ತು ಗಂಟೆಗೆ ಬರಬೇಕಾದವರು ಒಂಬತ್ತಕ್ಕೇ ಬಂದಿದ್ದರು, ಒಬ್ಬರೇ. ಸ್ಟೆತಸ್ಕೋಪು ಕುದುರೆಯ ಪಕ್ಕೆಗಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಹನ್ನೊಂದು ಸಲವೂ ರಿಜಿಸ್ಟರಿನಲ್ಲಿ ಕೆಳಗಿದ್ದ ಸಹಿ ಅವರದ್ದೇ.

"ಇವತ್ತು ಎದೆ ಸ್ವಚ್ಛ ಇದೆ," ಎಂದರು. ಆಮೇಲೆ ಸ್ಟೆತಸ್ಕೋಪು ಮಡಿಸುತ್ತಾ, ಇಬ್ಬರ ಮುಖವನ್ನೂ ನೋಡದೆ, "ಸೂಜಿಗೆ ಔಷಧಿ ತುಂಬೋಕೆ ಮುಂಚೆ ಒಂದ್ಸಲ ಕೇಳ್ಬೇಕು ಅಂತ ನಿಯಮ ಇದೆ. ಕೆಮ್ಮು ಇತ್ತಾ?"

ಅಂಥ ನಿಯಮ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ಇಲ್ಲ ಎಂಬ ಎರಡಕ್ಷರ ಹೇಳಿದರೆ ಸಾಕಾಗಿತ್ತು. ಸೂಜಿ ಪೆಟ್ಟಿಗೆಯೊಳಗೇ ಉಳಿಯುತ್ತಿತ್ತು, ನಾಳೆ ಲಾರಿಯಲ್ಲಿ ಎಂಟನೇ ಕುದುರೆಗೂ ಜಾಗ ಇರುತ್ತಿತ್ತು. ಅಪ್ಪ ಗಂಟಲು ಸರಿ ಮಾಡಿಕೊಂಡ. "ಡಾಕ್ಟರಮ್ಮ, ನಾನು..." ಎಂದ.

"ಇತ್ತು," ಎಂದಳು ಮಗಳು.

ಅಪ್ಪ ಅವಳ ಕಡೆ ತಿರುಗಿದ.

"ಇತ್ತು ಮೇಡಂ. ಈಗ ನೀವು ಬರೋಕೆ ಮುಂಚೆ ನಾನೇ ಕೇಳಿಸ್ಕೊಂಡೆ. ಅಪ್ಪಂಗೆ ಇದರ ಮೇಲೆ ಮಮತೆ, ಅದಕ್ಕೆ ಇಲ್ಲ ಅಂತಾರೆ. ನೀವು ನಂಬಬೇಡಿ."

ಅವಳ ಒಂದು ಕೈ ಇನ್ನೂ ಬೀಗಿತ್ತಿಯ ಕತ್ತಿನ ಮೇಲಿತ್ತು. ಡಾಕ್ಟರಮ್ಮ ಒಂದು ನಿಮಿಷ ಕಾದರು. ಅಪ್ಪ ಮತ್ತೆ ಬಾಯಿ ತೆರೆಯಬಹುದಿತ್ತು. ತೆರೆದರೆ ಮಗಳು ಎರಡು ಸಲ ಸುಳ್ಳು ಹೇಳಿದವಳಾಗುತ್ತಿದ್ದಳು, ಮೊದಲು ಬರೆದು ಕೊಟ್ಟು, ಈಗ ಎದುರಿಗೆ ನಿಂತು. ಅವನು ಅವಳ ಕನ್ನಡಕದ ಹಿಂದೆ ನೋಡಿದ, ಏನು ಕಂಡಿತೋ, ಬಾಯಿ ಮುಚ್ಚಿಕೊಂಡ. ಕುದುರೆಯ ಎಡಗಡೆ ಹೋಗಿ ನಿಂತು, ಅಂಗೈಯಿಂದ ಅದರ ಕಣ್ಣು ಮುಚ್ಚಿದ. ರಕ್ತ ತೆಗೆಯುವ ದಿನಗಳಲ್ಲಿ ಅವನು ನಿಲ್ಲುತ್ತಿದ್ದದ್ದು ಹಾಗೆಯೇ.

"ಆ ಕಡೆ ಬಾ," ಎಂದ ಮಗಳಿಗೆ. "ಬೀಳೋ ಕಡೆ ನಿಲ್ಲಬೇಡ."

ಬೇಗ ಮುಗಿಯಿತು. ಬೀಗಿತ್ತಿ ಅಪ್ಪನ ಕೈಯನ್ನು ನಂಬಿಯೇ ನಿಂತಿದ್ದಳು, ಒಂದು ಹೆಜ್ಜೆಯೂ ಕಿತ್ತಿಡಲಿಲ್ಲ. ಮೊದಲು ಮುಂಗಾಲು ಮಡಿಸಿದಳು. ಅಷ್ಟು ದೊಡ್ಡ ಮೈ ನೆಲಕ್ಕೆ ಬಂದಾಗ ಕೊಟ್ಟಿಗೆಯ ಬಾಗಿಲು ಅದುರಿತು.

ಡಾಕ್ಟರಮ್ಮ ರಿಜಿಸ್ಟರು ತಂದು ಅಪ್ಪನ ಮುಂದೆ ಹಿಡಿದರು. ದಿನಾಂಕ, ನಂಬರು, ಕಾರಣ. ಅಪ್ಪ ಪೆನ್ನು ತೆಗೆದುಕೊಂಡ. ದಿನಾಂಕ ಬರೆದ, ಮುಂದೆ ಹೋಗಲಿಲ್ಲ. ಕೊನೆಗೆ ಪೆನ್ನನ್ನು ಮಗಳ ಕಡೆ ಚಾಚಿದ.

"ನೀನೇ ಬರಿ. ನಂಗೆ ಆಗ್ತಿಲ್ಲ."

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅಪ್ಪನ ಗುಂಡು ಗುಂಡು ಅಕ್ಷರಗಳ ಕೆಳಗೆ ತನ್ನ ಓದಿದವರ ಅಕ್ಷರದಲ್ಲಿ ಬರೆದಳು. ನಲವತ್ತೇಳು. ಕೆಮ್ಮು.

ಮಧ್ಯಾಹ್ನ ಇಬ್ಬರೂ ಓಣಿ ಸುತ್ತಿ ಹಿತ್ತಿಲಿನಿಂದ ಬಂದರು. ಅಮ್ಮ ಎರಡು ಟವೆಲು ಹಿಡಿದು ಕಾಯುತ್ತಿದ್ದಳು. ಆಯ್ತಾ ಎಂದು ಕೇಳಲಿಲ್ಲ. ಗಂಡನ ಮುಖ ನೋಡಿದರೆ ಉತ್ತರ ಇತ್ತು. ಅನ್ನ ಬಡಿಸಿ, ಮೊಟ್ಟೆ ಬೇಯಿಸಿದ್ದನ್ನು ತಟ್ಟೆಗೆ ಹಾಕಿ, ಅಜ್ಜಿಯ ಪಕ್ಕ ಹೋಗಿ ಕೂತಳು. ಅಜ್ಜಿ ಮೊಮ್ಮಗಳನ್ನು ಮೂಸಿ, "ಇವಳೂ ಕುದುರೆ ವಾಸನೆ ಹೊಡೀತಾಳಲ್ಲೇ," ಎಂದಳು.

ಅಪ್ಪ ಅನ್ನ ಕಲೆಸುತ್ತಾ ಕೂತಿದ್ದ. ತಿನ್ನುತ್ತಿರಲಿಲ್ಲ. ಮಗಳು ತಟ್ಟೆ ಮುಟ್ಟಿರಲಿಲ್ಲ.

"ಅಪ್ಪ, ಬೈದುಬಿಡು," ಎಂದಳು. "ಹೊಡಿ ಬೇಕಾದ್ರೆ. ಸುಮ್ಮನೆ ಮಾತ್ರ ಇರಬೇಡ."

ಅವನು ಕಲೆಸುವುದನ್ನು ನಿಲ್ಲಿಸಿದ.

"ಏನಂತ ಬೈಲಿ ಮಗಾ?" ಎಂದ. "ನನ್ನ ಉಳಿಸಿದೆ ಅಂತ ಬೈಲಾ?"

ಆಮೇಲೆ, ಒಂದು ತುತ್ತು ಬಾಯಿಗಿಟ್ಟುಕೊಂಡು, ಅದು ಇಳಿಯದೆ, ಅಳತೊಡಗಿದ.